ಹೊಸ ಗುರಿಕಾರನ ಮೊದಲ ಪಿಸ್ತೂಲು

2024ನೆಯ ಇಸವಿಯ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ ಗ್ರಾಮದ ಸ್ವಪ್ನಿಲ್ ಕುಸಾಳೆ ಎಂಬ ಯುವಕನು ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ 50 ಮೀಟರ್ ರೈಫಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದನು. ಅದಕ್ಕೆ ನಾಲ್ಕು ದಿನ ಮೊದಲು, ಜುಲೈ 28ರಂದು, ಹರಿಯಾಣೆಯ ಮನು ಭಾಕರ್ ಎಂಬ ತರುಣಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚನ್ನು ಪಡೆದು, ಗುರಿಯೆಸೆತದಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ಇಂಥ ಸುದ್ದಿಗಳು ಬಂದ ಮೇಲೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಯಾವ ವರ್ಗದಲ್ಲಿಯಾದರೂ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಗುರುಗಳೆ, ಈ ವಿದ್ಯೆ ಕಲಿಯಬೇಕಾದರೆ ಮೊದಲು ಯಾವ ಪಿಸ್ತೂಲು ಹಿಡಿಯಬೇಕು?” ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಪ್ರಶ್ನೆ ಬಾಲಿಶವೆಂದು ತಳ್ಳಿಹಾಕತಕ್ಕದ್ದಲ್ಲ. “ಅಂಥ ಮಾತು ಆಡಬೇಡ, ಕುಳಿತುಕೋ” ಎಂದು ಗದರಿಸಿದರೆ ಹುಡುಗನ ಕುತೂಹಲವು ಸಾಯುವುದಿಲ್ಲ. ತಪ್ಪು ಗುರುವನ್ನು ಹುಡುಕಿಕೊಂಡು ಹೋಗುತ್ತದೆ, ಅಷ್ಟೆ. ಆದುದರಿಂದ ಉತ್ತರ ಕೊಡುವುದೇ ಶಿಕ್ಷಕನ ಧರ್ಮ. ಆದರೆ ಸರಿಯಾದ ಉತ್ತರ ದೊರೆಯಬೇಕಾದರೆ, ನಮ್ಮ ಈ ಭಾಗದಲ್ಲಿ ಆಯುಧವು ಯಾರ ಕೈಯಲ್ಲಿತ್ತು, ಹೇಗೆ ಹೋಯಿತು, ಯಾವ ರೂಪದಲ್ಲಿ ಮರಳಿ ಬಂತು ಎಂಬ ಚರಿತ್ರೆಯನ್ನು ಸ್ವಲ್ಪ ನೋಡುವುದು ಅವಶ್ಯ.

ಗಡಹಿಂಗ್ಲಜಕ್ಕೆ ಸಮೀಪದಲ್ಲಿ ಸಾಮಾನಗಡವೆಂಬ ಕೋಟೆಯಿದೆ. ಕೊಲ್ಹಾಪುರ ಸಂಸ್ಥಾನದ ಇತರ ಕೋಟೆಗಳಂತೆ ಇಲ್ಲಿಯೂ ಗಡಕರಿಗಳೆಂಬ ವಂಶಪರಂಪರೆಯ ಕಾವಲುಗಾರರಿದ್ದರು. ಕೋಟೆಯನ್ನು ಕಾಯುವುದು ಅವರ ಕೆಲಸ. ಅದಕ್ಕಾಗಿ ಅವರಿಗೆ ಭೂಮಿಯ ಉಂಬಳಿ. ತಂದೆಯ ಕತ್ತಿಯೂ ಕೋವಿಯೂ ಮಗನಿಗೆ ಬರುತ್ತಿದ್ದವು. ಅವುಗಳೊಡನೆ ಹೊಲವೂ ಬರುತ್ತಿತ್ತು. ಅಂಥ ಮನೆಯ ಹುಡುಗನು “ನನ್ನ ಮೊದಲ ಆಯುಧ ಯಾವುದು?” ಎಂದು ಕೇಳಬೇಕಾಗಿರಲಿಲ್ಲ. ಮನೆಯ ಗೋಡೆಗೆ ತೂಗುಹಾಕಿದ್ದೇ ಅವನ ಆಯುಧ. ಆ ಊರಿನಲ್ಲಿಯೇ ಬೇರೆ ಕುಲದಲ್ಲಿ ಹುಟ್ಟಿದವನಿಗೆ ಆ ಪ್ರಶ್ನೆ ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. ಹುಟ್ಟೇ ಆಗ ಉತ್ತರವಾಗಿತ್ತು.

1840ರ ದಶಕದಲ್ಲಿ ಸಂಸ್ಥಾನದ ರಾಜನು ಇನ್ನೂ ಅಪ್ರಾಪ್ತ ವಯಸ್ಕನು. ಬ್ರಿಟಿಷರು ನೇಮಿಸಿದ ಕಾರಭಾರಿ ದಾಜಿ ಕೃಷ್ಣ ಪಂಡಿತನು ಕಂದಾಯದ ವ್ಯವಸ್ಥೆಯನ್ನು ಬದಲಿಸತೊಡಗಿದನು. ಗಡಕರಿಗಳ ಭೂಮಿಗಳು ಮಾಮಲೇದಾರರ ಅಧೀನಕ್ಕೆ ಹೋಗುವುವೆಂಬ ಏರ್ಪಾಡನ್ನು ಕಂಡು, ತಮ್ಮ ಜೀವನಾಧಾರವೇ ಹೋಗುವುದೆಂದು ಅವರು ಹೆದರಿದರು. 1844ರಲ್ಲಿ ಸಾಮಾನಗಡದ ಬಾಗಿಲುಗಳು ಮುಚ್ಚಿಕೊಂಡವು. ಭೂದರಗಡವೂ ಅದೇ ದಾರಿ ಹಿಡಿಯಿತು. ಅಕ್ಟೋಬರ್ ತಿಂಗಳಲ್ಲಿ ಬ್ರಿಟಿಷ್ ಸೈನ್ಯವು ಸಾಮಾನಗಡಕ್ಕೆ ಲಗ್ಗೆಯಿಟ್ಟು ಹಿಡಿಯಿತು. ಡಿಸೆಂಬರಿನಲ್ಲಿ ಪನ್ಹಾಳವೂ ಬಿದ್ದಿತು. ಬಳಿಕ ಕೋಟೆಗಳನ್ನು ನಿರುಪಯೋಗಿಗಳನ್ನಾಗಿ ಮಾಡಿ, ವಂಶಪರಂಪರೆಯ ಕಾವಲು ಪಡೆಗಳನ್ನು ವಿಸರ್ಜಿಸಲಾಯಿತು. ಗಡಕರಿಯ ಮಗನಿಗೆ ಗೋಡೆಯ ಮೇಲಿನ ಕೋವಿಯ ಹಕ್ಕೂ ಇಲ್ಲ, ಕೋಟೆಯ ಕೆಲಸವೂ ಇಲ್ಲ ಎಂಬ ಸ್ಥಿತಿ ಬಂದಿತು.

ಹದಿಮೂರು ವರ್ಷಗಳ ಅನಂತರ ಇದೇ ಸಂಗತಿ ದೇಶಕ್ಕೆಲ್ಲ ವ್ಯಾಪಿಸಿತು. 1857ರ ಜುಲೈ 31ರಂದು ಕೊಲ್ಹಾಪುರದಲ್ಲಿದ್ದ 27ನೆಯ ದೇಶೀಯ ಕಾಲ್ದಳವು ಬಂಡೆದ್ದಿತು. ಕರ್ನಲ್ ಲಗ್ರಾಂಡ್ ಜೇಕಬನು ಬಂದು ಆ ದಳವನ್ನು ನಿಶ್ಶಸ್ತ್ರಗೊಳಿಸಿದನು. ರಾಜನ ತಮ್ಮನಾದ ಚಿಮಾಸಾಹೇಬನನ್ನು ಕರಾಚಿಗೆ ಗಡೀಪಾರು ಮಾಡಲಾಯಿತು. ಅದೇ ವರ್ಷ ಸರಕಾರವು ನಿಶ್ಶಸ್ತ್ರೀಕರಣದ ಕಾಯದೆಯನ್ನು ಹೊರಡಿಸಿ, ಪ್ರಜೆಗಳು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದೂ ಅಪ್ಪಣೆಯಿಲ್ಲದೆ ಇಟ್ಟುಕೊಳ್ಳಬಾರದೆಂದೂ ವಿಧಿಸಿತು.

ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಈ ಆಜ್ಞೆ ಏನು ಮಾಡಿತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಡರಿಗೆ ಆಯುಧವು ಬೇಟೆಯ ಸಾಧನ, ಕುಲದ ಗುರುತು, ದೇವರ ಮುಂದೆ ಇಡುವ ವಸ್ತು. ಅದನ್ನು ಕೊಡೆವೆಂದು ಅವರು ನಿಂತರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿತು, ಮನೆಗಳು ಸುಟ್ಟವು, ಅನೇಕರು ಮಡಿದರು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಪ್ರಕಟಿಸಿದ ಲಾವಣಿಯ ಮೂಲಕ ಆ ಕಥೆ ಇಂದಿಗೂ ಉಳಿದಿದೆ.

ಹಲಗಲಿಯಿಂದ ಆಯುಧ ಕಿತ್ತುಕೊಂಡ ಅದೇ ಸರಕಾರವು 1861ರಲ್ಲಿ ಕೊಡಗಿನವರಿಗೆ ಮಾತ್ರ ಆ ಕಾಯದೆಯಿಂದ ವಿನಾಯಿತಿ ಕೊಟ್ಟಿತು. ಆ ಆಜ್ಞೆಯನ್ನು ಹೊರಡಿಸಿದವನು ಕಮಿಷನರ್ ಮಾರ್ಕ್ ಕಬ್ಬನ್. ಆ ವಿನಾಯಿತಿಯ ರೂಪ ಬದಲಾಗಿದ್ದರೂ ಅದು ಇಂದಿಗೂ ನಡೆದುಬಂದಿದೆ. ಕೈಲ್‌ಪೋಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ಅಲ್ಲಿಯ ಗಂಡಸರೂ ಹೆಂಗಸರೂ ಆಡುತ್ತಾರೆ. ಒಂದೇ ಕನ್ನಡ ನಾಡಿನ ಎರಡು ಭಾಗಗಳಲ್ಲಿ ಒಂದು ಕಡೆ ಕೋವಿಗಾಗಿ ಗಲ್ಲು, ಇನ್ನೊಂದು ಕಡೆ ಕೋವಿಗೆ ಹೂವು. ಎರಡನ್ನೂ ನಿಶ್ಚಯಿಸಿದ್ದು ಆಳುವವರ ನಂಬಿಕೆ ಅಪನಂಬಿಕೆಗಳೇ ಹೊರತು, ಹಿಡಿದವನ ವಿವೇಕವಲ್ಲ, ಅಭ್ಯಾಸವಲ್ಲ.

1878ರಲ್ಲಿ ಲಾರ್ಡ್ ಲಿಟ್ಟನನ ಕಾಲದ ಆಯುಧ ಕಾಯದೆಯು ಈ ಭೇದವನ್ನು ಇನ್ನೂ ಸ್ಥಿರಗೊಳಿಸಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನನಿಗೆ ವಿನಾಯಿತಿ. ಈ ಅವಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸು ತನ್ನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು. ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು 1948ರಲ್ಲಿ ಅದೇ ಅರ್ಥದ ತಿದ್ದುಪಡಿಯನ್ನು ಮಂಡಿಸಿದರು, ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಅಂಗೀಕರಿಸಲಿಲ್ಲ. ಹೀಗೆ ಸ್ವತಂತ್ರ ಭಾರತದಲ್ಲಿ ಆಯುಧವು ಹಕ್ಕಾಗದೆ ಅನುಮತಿಯಾಗಿ ಉಳಿಯಿತು. ಆದರೆ ಒಂದು ಮುಖ್ಯ ವ್ಯತ್ಯಾಸವಾಯಿತು: 1959ರ ಆಯುಧ ಕಾಯದೆಯ ಮುಂದೆ ಬಿಳಿಯ ಕರಿಯ ಎಂಬ ಭೇದವಿಲ್ಲ. ಕೇಳುವವನ ಜಾತಿ ಜನ್ಮಗಳನ್ನಲ್ಲದೆ, ಅವನ ವಯಸ್ಸು, ನಡತೆ, ಅವಶ್ಯಕತೆಗಳನ್ನು ವಿಚಾರಿಸುವುದು ಅದರ ತತ್ತ್ವ.

ಇಷ್ಟು ಹೊತ್ತಿಗೆ ಜಗತ್ತಿನಲ್ಲಿ ಆಯುಧಕ್ಕೆ ಇನ್ನೊಂದು ದಾರಿ ತೆರೆದಿತ್ತು. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕ್ರೀಡೆಗಳಲ್ಲಿಯೇ ಪಿಸ್ತೂಲಿನ ಸ್ಪರ್ಧೆಗಳಿದ್ದವು. ಕೊಲ್ಲುವುದಕ್ಕಾಗಿ ಹುಟ್ಟಿದ ಉಪಕರಣವು ಕಾಗದದ ಮೇಲಿನ ವರ್ತುಲಕ್ಕೆ ಗುರಿಯಿಡುವ ಉಪಕರಣವಾಯಿತು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಎದುರಾಳಿಯ ಎದೆಯಲ್ಲ, ತನ್ನ ಉಸಿರು ಮತ್ತು ಮನಸ್ಸು. ಹಂಗೇರಿಯ ಸೈನಿಕ ಕಾರೋಯ್ ತಕಾಚನ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. 1938ರಲ್ಲಿ ಕೈಬಾಂಬು ಸಿಡಿದು ಅವನ ಬಲಗೈ ಹಾಳಾಯಿತು. ಅವನು ಯಾರಿಗೂ ಹೇಳದೆ ಎಡಗೈಯಿಂದ ಅಭ್ಯಾಸ ಮಾಡಿದನು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್‌ಗಳೆರಡರಲ್ಲಿಯೂ 25 ಮೀಟರ್ ಶೀಘ್ರ ಪಿಸ್ತೂಲಿನ ಬಂಗಾರವನ್ನು ಗೆದ್ದನು. ಸ್ಪರ್ಧೆಯ ಪಿಸ್ತೂಲನ್ನು ಒಂದೇ ಕೈಯಿಂದ ಹಿಡಿಯಬೇಕೆಂಬ ನಿಯಮವಿರುವುದರಿಂದ ಇದು ಸಾಧ್ಯವಾಯಿತು. ವಿದ್ಯೆಯು ತೋಳಿನ ಬಲದಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಭಾರತದಲ್ಲಿ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪಿತವಾಯಿತು. ಲೋಕಸಭೆಯ ಮೊದಲ ಸಭಾಪತಿ ಜಿ. ವಿ. ಮಾವಳಂಕರರು ಅದರ ಮೊದಲ ಅಧ್ಯಕ್ಷರು. ಪ್ರಾರಂಭದಲ್ಲಿ ಇದು ಬಹುಮಟ್ಟಿಗೆ ರಾಜಮಹಾರಾಜರ, ಸೈನಿಕರ ಮತ್ತು ಶ್ರೀಮಂತರ ಆಟ. ಅದನ್ನು ಸಾಮಾನ್ಯರ ಬಳಿಗೆ ತಂದದ್ದು ಏರ್ ಪಿಸ್ತೂಲು ಮತ್ತು ಏರ್ ರೈಫಲುಗಳೆಂದು ಹೇಳಬಹುದು. ಇವುಗಳಲ್ಲಿ ಮದ್ದಿಲ್ಲ, ಒತ್ತಿ ತುಂಬಿದ ಗಾಳಿಯು ಸುಮಾರು ಅರ್ಧ ಗ್ರಾಂ ತೂಕದ ಸೀಸದ ಸಣ್ಣ ಗುಂಡನ್ನು ತಳ್ಳುತ್ತದೆ. ಅಂತರ ಕೇವಲ 10 ಮೀಟರ್. ಗುಂಡನ್ನು ತಡೆಯುವ ವ್ಯವಸ್ಥೆಯುಳ್ಳ ಒಂದು ಉದ್ದನೆಯ ಕೋಣೆ ಸಾಕು. 1988ರಲ್ಲಿ ಏರ್ ಪಿಸ್ತೂಲು ಒಲಿಂಪಿಕ್ ಸ್ಪರ್ಧೆಯಾಯಿತು.

ಕೊಲ್ಹಾಪುರವು ಈ ದಾರಿಯಲ್ಲಿ ಹಿಂದೆ ಬೀಳಲಿಲ್ಲ. ಇಲ್ಲಿಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ಕಿನಲ್ಲಿ 50 ಮೀಟರ್ ರೈಫಲಿನಲ್ಲಿ ವಿಶ್ವವಿಜೇತಳಾದಳು. ಭಾರತದ ಮಹಿಳೆಯೊಬ್ಬಳು ಈ ಕ್ರೀಡೆಯಲ್ಲಿ ಆ ಪದವಿಗೇರಿದ್ದು ಅದೇ ಮೊದಲು. ಅವಳು ಓದಿದ ಶಾಲೆಯಲ್ಲಿಯೇ ಓದಿದ ರಾಹಿ ಸರ್ನೋಬತ್ ಪಿಸ್ತೂಲನ್ನು ಆರಿಸಿಕೊಂಡಳು. 2013ರಲ್ಲಿ ಕೊರಿಯದ ಚಾಂಗ್‌ವನ್ನಿನಲ್ಲಿ ವಿಶ್ವಕಪ್ ಬಂಗಾರವನ್ನೂ, 2018ರಲ್ಲಿ ಇಂಡೋನೇಷ್ಯದಲ್ಲಿ ಏಷ್ಯನ್ ಕ್ರೀಡೆಗಳ ಬಂಗಾರವನ್ನೂ 25 ಮೀಟರ್ ಪಿಸ್ತೂಲಿನಲ್ಲಿ ಗೆದ್ದಳು. ಆ ಏಷ್ಯನ್ ಸ್ಪರ್ಧೆಯ ಕೊನೆಗೆ ಅವಳೂ ಥಾಯ್ಲೆಂಡಿನ ಎದುರಾಳಿಯೂ 34 ಅಂಕಗಳಲ್ಲಿ ಸಮನಾಗಿ ನಿಂತರು. ನಿರ್ಣಯಕ್ಕಾಗಿ ಐದು ಗುಂಡುಗಳ ಒಂದು ಸುತ್ತು ನಡೆಯಿತು, ಅದರಲ್ಲಿಯೂ ಸಮ. ಎರಡನೆಯ ಸುತ್ತಿನಲ್ಲಿ ಒಂದು ಗುರಿಯ ಅಂತರದಿಂದ ಬಂಗಾರ ರಾಹಿಯದಾಯಿತು. ಗಡಕರಿಯ ವಂಶದಲ್ಲಿ ಗಂಡಾಗಿ ಹುಟ್ಟಿದವನಿಗೆ ಮಾತ್ರ ಕೋವಿಯೆಂಬ ಕಾಲ ಕಳೆದು, ಅಭ್ಯಾಸ ಮಾಡಿದ ಹೆಣ್ಣುಮಗಳಿಗೆ ಪಿಸ್ತೂಲೆಂಬ ಕಾಲ ಇದೇ ಜಿಲ್ಲೆಯಲ್ಲಿ ಬಂದಿತೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಹೊಸಬನ ಮೊದಲ ಪಿಸ್ತೂಲು 4.5 ಮಿಲಿಮೀಟರಿನ ಏರ್ ಪಿಸ್ತೂಲೇ ಆಗಿರಬೇಕು. ಹಾಗೆ ಹೇಳುವುದಕ್ಕೆ ಅದು ಅಗ್ಗವೆಂಬುದೊಂದೇ ಕಾರಣವಲ್ಲ. ಮದ್ದಿನ ತೋಟೆ ಹಾರಿಸುವ ದೊಡ್ಡ ಪಿಸ್ತೂಲು ಭಾರೀ ಸದ್ದು ಮಾಡುತ್ತದೆ, ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಹೊಸಬನು ಎರಡು ಮೂರು ಸಲ ಆ ಒದೆತವನ್ನು ಅನುಭವಿಸಿದನೆಂದರೆ, ಮುಂದಿನ ಸಲ ಅದು ಬರುವ ಮುನ್ನವೇ ಕಣ್ಣು ಮುಚ್ಚುತ್ತಾನೆ, ಮಣಿಕಟ್ಟನ್ನು ಬಿಗಿಯುತ್ತಾನೆ. ಈ ಅಂಜಿಕೆ ಒಮ್ಮೆ ದೇಹಕ್ಕೆ ಹತ್ತಿದರೆ ಬಿಡಿಸಲು ತಿಂಗಳುಗಳೇ ಬೇಕು. ಒಳ್ಳೆಯ ಏರ್ ಪಿಸ್ತೂಲಿನಲ್ಲಿ ಒದೆತವು ಇಲ್ಲವೆನ್ನುವಷ್ಟು ಕಡಿಮೆ. ಗುಂಡು ತಪ್ಪಿದರೆ ತಪ್ಪು ಯಾರದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಕಲಿಯುವವನಿಗೆ ಬೇಕಾದುದು ಇಂಥ ನಿಷ್ಪಕ್ಷಪಾತಿಯಾದ ಪರೀಕ್ಷಕನು.

ಗಣಿತದ ಶಿಕ್ಷಕರು ಇದನ್ನು ಕರಿಹಲಗೆಯ ಮೇಲೆ ತೋರಿಸಬಹುದು. ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊಳೆ. ಕಚ್ಚಿನ ನಡುವೆ ಮೊಳೆಯನ್ನು ಸಮನಾಗಿ ನಿಲ್ಲಿಸುವುದೇ ಗುರಿಯಿಡುವುದು. ಇವೆರಡರ ನಡುವಣ ಅಂತರ 32 ಸೆಂಟಿಮೀಟರ್ ಎಂದಿಟ್ಟುಕೊಳ್ಳಿರಿ. ಮೊಳೆಯು ಕಚ್ಚಿನೊಳಗೆ ಒಂದು ಮಿಲಿಮೀಟರಿನಷ್ಟು ಓರೆಯಾದರೆ, ಸಮರೂಪ ತ್ರಿಭುಜಗಳ ನಿಯಮದಂತೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 31 ಮಿಲಿಮೀಟರ್ ಆಚೆ ಬೀಳುತ್ತದೆ. ಹತ್ತು ಅಂಕದ ನಡುವರ್ತುಲದ ವ್ಯಾಸವಾದರೋ 11.5 ಮಿಲಿಮೀಟರ್ ಮಾತ್ರ. ಅಂದರೆ ಹತ್ತು ಬರಬೇಕಾದಲ್ಲಿ ಏಳಕ್ಕೆ ಇಳಿಯಿತು. ಆದರೆ ಕಚ್ಚು ಮೊಳೆಗಳು ಸರಿಯಾಗಿದ್ದು, ಇಡೀ ಕೈಯೇ ಓರೆಯಾಗದೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಆದುದರಿಂದ ಕೈ ತುಸು ಅಲುಗಿತೆಂದು ಹೊಸಬನು ಹೆದರಬೇಕಾಗಿಲ್ಲ. ಕಣ್ಣು ಮೊಳೆಯನ್ನು ಬಿಡಬಾರದು, ಬೆರಳು ಕುದುರೆಯನ್ನು ಥಟ್ಟನೆ ಎಳೆಯಬಾರದು.

ಆಯ್ಕೆಯಲ್ಲಿ ನೋಡತಕ್ಕವು ಇನ್ನು ಕೆಲವು. ಮೊದಲನೆಯದು ಹಿಡಿ. ಅದು ಅಂಗೈಗೆ ಒಪ್ಪಬೇಕು. ಎಡಚನಿಗೆ ಎಡಗೈಯ ಹಿಡಿಯೇ ಬೇಕು. ಹಿಡಿದು ಕಣ್ಣು ಮುಚ್ಚಿ ತೋಳನ್ನೆತ್ತಿ ಕಣ್ಣು ತೆರೆದಾಗ ಮೊಳೆಯು ಕಚ್ಚಿನ ನಡುವೆ ತಾನಾಗಿ ಬಂದು ನಿಂತಿದ್ದರೆ ಹಿಡಿ ಸರಿಯೆಂದು ತಿಳಿಯಬಹುದು. ಎರಡನೆಯದು ತೂಕ. ಅಂತರರಾಷ್ಟ್ರೀಯ ನಿಯಮವು 1500 ಗ್ರಾಂವರೆಗೆ ಅವಕಾಶ ಕೊಡುತ್ತದೆ. ಆದರೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಅದಕ್ಕಿಂತ ಬಹಳ ಹಗುರವಾದುದೇ ಲೇಸು, ಏಕೆಂದರೆ ಒಂದು ಸ್ಪರ್ಧೆಯಲ್ಲಿ 60 ಸಲ ತೋಳನ್ನೆತ್ತಬೇಕು. ಮೂರನೆಯದು ಕುದುರೆಯ ಬಿಗುವು. ಅದು ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕೆಂದು ಏರ್ ಪಿಸ್ತೂಲಿನ ನಿಯಮ. ಒರಟಾಗಿ ತೊಡರಿಕೊಳ್ಳದೆ ನಯವಾಗಿ ಸರಿಯಬೇಕು. ನಾಲ್ಕನೆಯದು ಗಾಳಿಯ ವ್ಯವಸ್ಥೆ. ಸ್ಪ್ರಿಂಗಿನದು ಸರಳ, ಆದರೆ ಒಳಗಿನ ಯಂತ್ರವೇ ಅದುರುತ್ತದೆ. ಸಿಲಿಂಡರಿನಲ್ಲಿ ಗಾಳಿ ತುಂಬಿಡುವುದು ಶಾಂತವಾದುದು, ಆದರೆ ಬೆಲೆ ಹೆಚ್ಚು, ಗಾಳಿ ತುಂಬುವ ಸೌಕರ್ಯವೂ ಬೇಕು.

ಬೆಲೆಯ ಮಾತು ಬಂದ ಕೂಡಲೇ ಪಾಲಕರ ಮುಖ ಸಣ್ಣದಾಗುವುದು ಸಹಜ. ಇಲ್ಲಿಯೇ ನನ್ನ ಮುಖ್ಯ ಸೂಚನೆ: ಮೊದಲ ಪಿಸ್ತೂಲು ಕೊಂಡದ್ದಾಗಿರಕೂಡದು. ಅದು ಗುರುವಿನದಾಗಿರಬೇಕು. ಕೊಲ್ಹಾಪುರದ ತಾಲೀಮುಗಳಲ್ಲಿ ಹೊಸ ಹುಡುಗನು ಮೊದಲ ದಿನವೇ ಹಿರಿಯ ಜಟ್ಟಿಯೊಡನೆ ಕುಸ್ತಿಗೆ ಇಳಿಯುವುದಿಲ್ಲ. ಅಖಾಡದ ಕೆಂಪು ಮಣ್ಣನ್ನು ಅಗೆದು ಹದಮಾಡುತ್ತಾನೆ, ದಂಡ ಬಸ್ಕಿ ಹೊಡೆಯುತ್ತಾನೆ. 1912ರಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಸಾವಿರಾರು ಜನರೆದುರು ನಿಲ್ಲುವ ಯೋಗ ಬರುವುದು ಅನೇಕ ವರ್ಷಗಳ ಅನಂತರ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಸ್ಥಾಪಿಸಿದರು. ಇಂದು ಆ ಊರೆಲ್ಲ ಮಗ್ಗಗಳ ಸದ್ದು. ನೇಕಾರನ ಮಗನು ಕಂಡಿಕೆ ಸುತ್ತಿ, ಕಡಿದ ಎಳೆಯನ್ನು ಗಂಟಿಕ್ಕಲು ಕಲಿತ ಬಳಿಕವೇ ಮಗ್ಗದ ಮುಂದೆ ನಿಲ್ಲುತ್ತಾನೆ. ಸ್ವಂತ ಮಗ್ಗವನ್ನು ಕೊಳ್ಳುವ ಮಾತು ಎಷ್ಟೋ ದೂರ. ಹಾಗೆಯೇ ಗುರಿಯೆಸೆತದ ಸಂಘಕ್ಕೆ ಹೋಗಿ, ಶಿಕ್ಷಕರ ಕಣ್ಣೆದುರು, ಸಂಘದ ಪಿಸ್ತೂಲಿನಿಂದ ಆರು ತಿಂಗಳಾದರೂ ಕಲಿತ ಬಳಿಕವೇ ತನ್ನ ಕೈಗೆ ಯಾವುದು ಒಪ್ಪುವುದೆಂಬುದು ತಿಳಿಯುತ್ತದೆ.

ಅಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ. ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ಗೊತ್ತಿದ್ದರೂ ಇದೆಯೆಂದೇ ನಡೆದುಕೊಳ್ಳುವುದು. ಅದರ ಬಾಯಿಯನ್ನು ಗುರಿಹಲಗೆಯ ಕಡೆಗಲ್ಲದೆ ಬೇರೆಲ್ಲಿಯೂ ತಿರುಗಿಸದಿರುವುದು. ಗುರಿಯಿಡುವವರೆಗೆ ಬೆರಳನ್ನು ಕುದುರೆಯ ಹೊರಗೇ ಇಡುವುದು. ನಿಲ್ಲಿಸೆಂಬ ಆಜ್ಞೆ ಕೇಳಿದೊಡನೆ ನಿಲ್ಲಿಸುವುದು. ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸುವುದು. ಸೀಸದ ಗುಂಡು ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ತೊಳೆಯುವುದು. ಏರ್ ಪಿಸ್ತೂಲು ಆಟಿಕೆಯೆಂದು ಬಗೆಯುವವನು ಕಣ್ಣು ಕಳೆದಾನು. ಈ ನಿಯಮಗಳನ್ನು ಬೇಸರದಿಂದ ಕೇಳುವ ಹುಡುಗನಿಗೆ ಪಿಸ್ತೂಲನ್ನು ಕೊಡದೆ ಮನೆಗೆ ಕಳುಹಿಸುವ ಅಧಿಕಾರ ಶಿಕ್ಷಕನಿಗಿರಬೇಕು.

ಕಾಯದೆಯ ಸಂಗತಿಯೂ ವಿದ್ಯಾರ್ಥಿಗೆ ತಿಳಿದಿರಲಿ. ಮದ್ದಿನ ಪಿಸ್ತೂಲಿಗೆ ಪರವಾನಗಿ ಬೇಕು. ಸಾಮಾನ್ಯವಾಗಿ ಪರವಾನಗಿ ಪಡೆಯಲು 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮದಲ್ಲಿ ಹೇಳಿದ ವಯಸ್ಸಿನ ಬಳಿಕ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಲು ಮಾತ್ರ ಅವಕಾಶವಿದೆ. ರಾಹಿಯು ಗೆದ್ದ 25 ಮೀಟರ್ ಸ್ಪರ್ಧೆಯ ಪಿಸ್ತೂಲು 5.6 ಮಿಲಿಮೀಟರಿನ ತೋಟೆಯದು. ಅದು ಏರ್ ಪಿಸ್ತೂಲಿನಲ್ಲಿ ಕೈ ಪಳಗಿದವರು ಏರುವ ಎರಡನೆಯ ಮೆಟ್ಟಲು. ಮೆಟ್ಟಲನ್ನು ಹಾರಿ ಏರಲು ಹೋಗುವವರಿಗೆ ಕಾಯದೆಯೂ ಅಡ್ಡಿ, ವಿದ್ಯೆಯೂ ಅಡ್ಡಿ.

ಇನ್ನೊಂದು ಪ್ರಶ್ನೆಯನ್ನು ಶಿಕ್ಷಕನು ತನ್ನಷ್ಟಕ್ಕೆ ಕೇಳಿಕೊಳ್ಳದಿರಲಾರನು. ಹಿಂಸೆಯ ಸುದ್ದಿಗಳು ದಿನವೂ ಬರುತ್ತಿರುವಾಗ ಮಕ್ಕಳ ಕೈಗೆ ಪಿಸ್ತೂಲಿನ ವಿಚಾರ ಕೊಡುವುದು ತಕ್ಕದ್ದೆ? ನನ್ನ ಮಟ್ಟಿಗೆ, ಯಾವ ಮಗುವನ್ನೂ ಈ ಆಟಕ್ಕೆ ಒತ್ತಾಯಿಸಬಾರದು; ಸಿಟ್ಟಿನ ಸ್ವಭಾವದವನನ್ನು, ತೋರಿಕೆಗಾಗಿ ಬಯಸುವವನನ್ನು ದೂರವೇ ಇಡಬೇಕು. ಆದರೆ ತಾನಾಗಿ ಕೇಳಿದ ಶಾಂತ ಸ್ವಭಾವದ ಮಗುವಿಗೆ, ಆಯುಧವೆಂದರೆ ಪೌರುಷವೆಂಬ ಭ್ರಮೆಯನ್ನು ಕಳೆಯಲು ಈ ಅಭ್ಯಾಸದಂಥ ಸಾಧನ ಇನ್ನೊಂದಿಲ್ಲ. ಅರವತ್ತು ಗುಂಡುಗಳಲ್ಲಿ ಒಂದನ್ನು ಕೋಪದಿಂದ ಹಾರಿಸಿದರೂ ಹಲಗೆಯ ಮೇಲೆ ಅದು ಎದ್ದು ಕಾಣುತ್ತದೆ.

ಸಾಮಾನಗಡಕ್ಕೆ ಶಾಲೆಯ ಪ್ರವಾಸ ಹೋದಾಗ ಆ ಬಾವಿಗಳನ್ನೂ ಪಾಳುಗೋಡೆಗಳನ್ನೂ ಮಕ್ಕಳಿಗೆ ತೋರಿಸಿರಿ. ಇಲ್ಲಿ ಕೋವಿ ಹಿಡಿದಿದ್ದವರು ಅದನ್ನು ಆರಿಸಿಕೊಂಡವರಲ್ಲ, ಕಳೆದುಕೊಂಡಾಗಲೂ ಅವರನ್ನು ಯಾರೂ ಕೇಳಲಿಲ್ಲ ಎಂದು ತಿಳಿಸಿರಿ. ಹಲಗಲಿಯ ಕಥೆಯನ್ನೂ ಹೇಳಿರಿ. ಅನಂತರ ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡಿರಿ: ಮೊದಲ ಪಿಸ್ತೂಲು ಗಾಳಿಯದು, ಹಗುರವಾದುದು, ಸಂಘದ್ದು, ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಕೆಳಗಿಡುವುದನ್ನು ಕಲಿತಿರಬೇಕು.